ಮರಿಯಪ್ಪನ ಬೆಚ್ಚನೆಯ ಫ್ರಿಡ್ಜು

ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯಲ್ಲಿ ನಾವು ನಾಲ್ಕು ಜನ ಕನ್ನಡಿಗರು ಸೇರಿದರೆ ಮೊದಲು ಊಟದ ಮಾತು, ಆಮೇಲೆ ಮನೆಯ ಮಾತು. ಯಾರು ಯಾವ ಸಬರ್ಬ್‌ನಲ್ಲಿ ಜಾಗ ಹಿಡಿದರು, ಯಾರ ಮಾರ್ಟ್‌ಗೇಜ್ ಎಷ್ಟು ವರ್ಷದ್ದು, ಯಾರ ಬಾತ್‌ರೂಮಿನಲ್ಲಿ ಎರಡು ಸಿಂಕು. ಈ ಮಾತು ಶುರುವಾದ ಕೂಡಲೇ ನನ್ನ ಪಕ್ಕದ ಮನೆಯ ಮರಿಯಪ್ಪ ಎದ್ದು ನೀರು ಕುಡಿಯಲು ಹೋಗುತ್ತಿದ್ದ. ಬಾಡಿಗೆ ಮನೆಯವನಿಗೆ ಅಂಥ ಹೊತ್ತಿನಲ್ಲಿ ಬಾಯಾರಿಕೆ ಆಗುವುದು ಸಹಜ.

ಮರಿಯಪ್ಪ ದಾವಣಗೆರೆಯವನು. ನಾರ್ತ್ ಸಿಡ್ನಿಯ ಆಫೀಸೊಂದರಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ. ತನ್ನಲ್ಲಿ ತಪ್ಪು ಹುಡುಕುವ ಕೆಲಸವನ್ನು ಹೆಂಡತಿ ನೀಲಾಂಬಿಕಾಗೆ ಬಿಟ್ಟುಕೊಟ್ಟಿದ್ದ. ಆದರೆ ಅವನ ನಿಜವಾದ ಸಂಕಟ ಇದ್ದದ್ದು ಮೆಲ್ಬರ್ನ್‌ನಲ್ಲಿ. ನೀಲಾಂಬಿಕಾಳ ತಂಗಿ ಸುಜಾತಾಳ ಗಂಡ ಕೌಶಿಕ್, ಅಂದರೆ ಮರಿಯಪ್ಪನ ಷಡ್ಡಕ, ಟಾರ್ನೀಟ್‌ನಲ್ಲಿ ಹೊಸ ಮನೆ ಕಟ್ಟಿಸಿದ್ದ. ಪ್ರತಿ ಭಾನುವಾರ ಫೋನು ಮಾಡುತ್ತಿದ್ದ.

"ಬ್ರದರ್, ರೆಂಟ್ ಕಟ್ಟೋದು ಅಂದ್ರೆ ಡೆಡ್ ಮನಿ. ಸ್ವಲ್ಪ ಥಿಂಕ್ ಮಾಡಿ."

ಮರಿಯಪ್ಪ ಬುಧವಾರದವರೆಗೆ ಥಿಂಕ್ ಮಾಡಿ, ಗುರುವಾರ ಸುಧಾರಿಸಿಕೊಳ್ಳುತ್ತಿದ್ದ. ಶುಕ್ರವಾರ ಒಂದೇ ದಿನ ಅವನು ನೆಮ್ಮದಿಯಾಗಿರುತ್ತಿದ್ದದ್ದು.

ಹೀಗಿರುವಾಗ 2009ರ ಚಳಿಗಾಲದ ಒಂದು ಶನಿವಾರ ನಮ್ಮ ಬೀದಿಗೆ ಒಂದು ಮೋಟರ್‌ಹೋಮ್ ಬಂತು. ಒಂದು ಕಾಲಕ್ಕೆ ಬೆಳ್ಳಗಿದ್ದಿರಬೇಕು. ಹಿಂದಿನ ಮಾಲೀಕ ಅದರಲ್ಲಿ ಇಡೀ ಆಸ್ಟ್ರೇಲಿಯಾ ಸುತ್ತಿ, ಕೊನೆಗೆ ಗಾಡಿಗಿಂತ ಮೊದಲು ತಾನೇ ಸುಸ್ತಾಗಿ ಮಾರಿದ್ದನಂತೆ. ಡ್ರೈವರ್ ಸೀಟಿನಿಂದ ಮರಿಯಪ್ಪ ಇಳಿದ. ಕೀಲಿಯನ್ನು ಬೆರಳಿನಲ್ಲಿ ತಿರುಗಿಸುತ್ತ ನನ್ನನ್ನು ಕರೆದ.

"ಸುಕೇಶ್ ಅವ್ರೇ, ಮನೆ ಅಂದ್ರೆ ಏನು ಹೇಳಿ. ಮಲಗೋಕೆ ಜಾಗ, ಬೇಯಿಸೋಕೆ ಒಲೆ, ಒಂದು ಫ್ರಿಡ್ಜು, ಒಂದು ಹೀಟರ್, ತಲೆ ಮೇಲೆ ಸೂರು. ಐದೂ ಇದೆ. ಮೇಲಾಗಿ ಅಕ್ಕಪಕ್ಕದವರು ಸರಿ ಇಲ್ಲ ಅಂದ್ರೆ ಸ್ಟಾರ್ಟ್ ಮಾಡ್ಕೊಂಡು ಹೊರಟ್ಹೋಗಬಹುದು."

ಅಕ್ಕಪಕ್ಕದವನು ಅಂದರೆ ನಾನೇ.

ನೀಲಾಂಬಿಕಾ ಬಾಗಿಲಲ್ಲಿ ನಿಂತು ಗಾಡಿಯನ್ನು ಮುಂದಿನಿಂದ ಹಿಂದಿನವರೆಗೆ ನೋಡಿದಳು. ಕೂಗಾಡಲಿಲ್ಲ. ರಾಣೆಬೆನ್ನೂರಿನ ಹೆಣ್ಣುಮಕ್ಕಳು ಕೂಗಾಡದಿದ್ದಾಗಲೇ ಹೆದರಬೇಕು ಎಂದು ಮರಿಯಪ್ಪನೇ ನನಗೆ ಹೇಳಿದ್ದ.

"ಬರೋ ತಿಂಗಳು ಸುಜಾತಾನ ಕುಬಸ ಇದೆಯಲ್ರೀ, ಇದರಲ್ಲೇ ಮೆಲ್ಬರ್ನ್‌ಗೆ ಹೋಗೋಣ" ಎಂದಳು. ಕುಬಸ ಅಂದರೆ ಅವರ ಕಡೆ ಸೀಮಂತ. "ಅಲ್ಲಿಗೆ ಮುಟ್ಟೋದ್ರೊಳಗೆ ಫ್ರಿಡ್ಜ್ ತಣ್ಣಗಾಗ್ಬೇಕು, ಹೀಟರ್ ಬೆಚ್ಚಗಾಗ್ಬೇಕು. ಎರಡರಲ್ಲಿ ಒಂದು ತಪ್ಪಿದ್ರೂ ಇದನ್ನ ಅಲ್ಲೇ ಮಾರಿ ಪ್ಲೇನಲ್ಲಿ ವಾಪಸ್ ಬರೋದು."

ಮರಿಯಪ್ಪ ಒಪ್ಪಿದ. ಮಾರಿದವನು ಎರಡೂ ಕೆಲಸ ಮಾಡುತ್ತವೆ ಎಂದು ತೋರಿಸಿಯೇ ಕೊಟ್ಟಿದ್ದ. ಆ ದಿನ ಮಧ್ಯಾಹ್ನದವರೆಗೆ ಕೆಲಸ ಮಾಡುತ್ತಲೂ ಇದ್ದವು. ಅಷ್ಟರಲ್ಲಿ ಪೂಜೆ ಮಾಡಬೇಕೆಂದು ಯಾರಿಗೋ ನೆನಪಾಯಿತು.

ಆ ಯಾರೋ ಅಂದರೆ ಮರಿಯಪ್ಪನ ಅತ್ತೆ ರುದ್ರವ್ವ. ಚಿಕ್ಕ ಮಗಳ ಬಾಣಂತನಕ್ಕೆಂದು ಊರಿನಿಂದ ಬಂದವರು ಮೊದಲು ಸಿಡ್ನಿಯಲ್ಲಿ ಇಳಿದಿದ್ದರು. ವಿಮಾನದಲ್ಲಿ ಕಿವಿ ಕಟ್ಟಿ ಸಾಕಾಗಿದ್ದರಿಂದ ಊರಿಗೆ ಮರಳುವ ದಿನದವರೆಗೆ ಇನ್ನೊಂದು ವಿಮಾನ ಹತ್ತುವುದಿಲ್ಲ ಎಂದು ಪಟ್ಟು ಹಿಡಿದಿದ್ದರು. ಗಾಡಿಯನ್ನು ಒಂದು ಸುತ್ತು ಹಾಕಿ ಕೇಳಿದರು:

"ಅಳಿಯಂದಿರ, ಇದು ಮನಿನೋ ಗಾಡಿನೋ? ಗಾಡಿ ಆದ್ರ ಗಾಲಿಗೆ ನಿಂಬಿಹಣ್ಣು ಇಡೂದು. ಮನಿ ಆದ್ರ ಹಾಲು ಉಕ್ಕಿಸೂದು. ಯಾವುದು ಅಂತ ಹೇಳ್ರಿ, ಶುರು ಮಾಡೋಣು."

ಮರಿಯಪ್ಪ ತಬ್ಬಿಬ್ಬಾದ. ಗಾಡಿ ಎಂದರೆ ಮನೆ ಕಳೆದುಕೊಂಡಂತೆ, ಮನೆ ಎಂದರೆ ದೇವರ ಮುಂದೆ ಸುಳ್ಳು ಹೇಳಿದಂತೆ. ಕೊನೆಗೆ ಆಫೀಸಿನ ಬದರಿನಾಥನಿಗೆ ಫೋನು ಹೋಯಿತು. ಬದರಿನಾಥ ವಾರದ ದಿನ ಡೇಟಾಬೇಸ್ ನೋಡಿಕೊಳ್ಳುತ್ತಾನೆ, ಶನಿವಾರ ಭಾನುವಾರ ಪೂಜೆ, ಮುಹೂರ್ತ, ವಾಸ್ತು. ಅರ್ಧ ಗಂಟೆಯಲ್ಲಿ ಪಂಚೆಯ ಮೇಲೆ ಪಫರ್ ಜಾಕೆಟ್ ಹಾಕಿಕೊಂಡು ಬಂದೇಬಿಟ್ಟ.

"ರಿಜಿಸ್ಟ್ರೇಷನ್ ಇದೆ, ಹಾಗಾಗಿ ವಾಹನ. ಒಲೆ ಇದೆ, ಹಾಗಾಗಿ ಗೃಹ" ಎಂದು ತೀರ್ಪು ಕೊಟ್ಟ. "ಎರಡೂ ಪೂಜೆ ಮಾಡ್ಬೇಕು. ಆದ್ರೆ ಗೃಹ ಅಂದ್ಮೇಲೆ ವಾಸ್ತು ಬಂತು. ಈಶಾನ್ಯ ತಗ್ಗಿರ್ಬೇಕು, ನೈಋತ್ಯ ಎತ್ತರ ಇರ್ಬೇಕು. ನಿಮ್ದು ಉಲ್ಟಾ ನಿಂತಿದೆ ಮರಿಯಪ್ಪ."

ಭೂಮಿಯ ಕೆಳಗಿನ ಅರ್ಧದಲ್ಲಿ ಈಶಾನ್ಯವೂ ತಿರುವುಮುರುವಾಗುವುದಿಲ್ಲವೇ ಎಂದು ನಾನು ಕೇಳಿದೆ. ತಿಳಿದುಕೊಳ್ಳಬೇಕೆಂದಲ್ಲ, ನೋಡೋಣ ಅಂತ. ಬದರಿನಾಥ ನನ್ನನ್ನು ಕನಿಕರದಿಂದ ನೋಡಿ, ದಿಕ್ಕು ದಿಕ್ಕೇ ಎಂದ.

ಹಾಗಾಗಿ ಮರಿಯಪ್ಪ ಇಳಿಜಾರಿನ ಡ್ರೈವ್‌ವೇಯಲ್ಲಿ ಗಾಡಿಯನ್ನು ತಿರುಗಿಸಿ ನಿಲ್ಲಿಸಿದ. ಸಾಲದ್ದಕ್ಕೆ ಹಿತ್ತಲಿನ ಇಟ್ಟಿಗೆಗಳನ್ನು ತಂದು ಹಿಂದಿನ ಒಂದು ಚಕ್ರದ ಕೆಳಗೆ ಪೇರಿಸಿದೆವು. ಗಾಡಿ ಈಶಾನ್ಯಕ್ಕೆ ಬಾಗಿ ಬಾಗಿ, ಹಿರಿಯರ ಕಾಲಿಗೆ ಬೀಳಲು ಹೊರಟ ಮದುಮಗನ ಹಾಗೆ ನಿಂತಿತು. ಮೂತಿ ಫುಟ್‌ಪಾತಿನ ಮೇಲೆ ಚಾಚಿತ್ತು. ನಿಂಬೆಹಣ್ಣು ಇಟ್ಟಾಯಿತು, ಕಾಯಿ ಒಡೆದಾಯಿತು, ಒಳಗೆ ಒಲೆಯ ಮೇಲೆ ಹಾಲು ಏರಿತು.

ಸಮತಟ್ಟಾದ ಮನೆಗಳಲ್ಲಿ ಹಾಲು ಉಕ್ಕಿದರೆ ಸುತ್ತಲೂ ಚೆಲ್ಲುತ್ತದೆ. ಇಲ್ಲಿ ಅದು ಪಾತ್ರೆ ತುಂಬ ಉಕ್ಕಿ, ಪೂರ್ತಿ ಒಂದೇ ಕಡೆಗೆ ಹರಿದು, ಒಲೆಯ ಅಂಚಿನ ಸಂದಿಯಲ್ಲಿ ಇಳಿದು ಮಾಯವಾಯಿತು.

"ಈಶಾನ್ಯಕ್ಕೇ ಹರೀತು. ಇಂಥ ಶಕುನ ನಾನು ನೋಡೇ ಇಲ್ಲ" ಎಂದ ಬದರಿನಾಥ. ಎಲ್ಲರೂ ಕೈಮುಗಿದರು. ಒಲೆಯ ಕೆಳಗೆ ಏನಿದೆ ಎಂದು ಯಾರೂ ಕೇಳಲಿಲ್ಲ. ಒಲೆಯ ಕೆಳಗೆ ಇದ್ದದ್ದು ಹೀಟರ್.

ಸಂಜೆ ಚಳಿಯೆಂದು ಹೀಟರ್ ಹಾಕಿದಾಗ ಒಳಗಿನ ಫ್ಯಾನು ಗುರ್ ಎಂದಿತು, ಬೆಂಕಿ ಹತ್ತಲು ನೋಡಿತು, ಕೆಮ್ಮಿತು, ಆರಿತು. ಹೊರಗಿನ ತಣ್ಣನೆ ಗಾಳಿ ಮಾತ್ರ ಭರ್ರನೆ ಒಳಗೆ ಬಂತು. ಜೊತೆಗೆ ಸೀದ ಹಾಲಿನ ವಾಸನೆ ಬೀದಿಗೆಲ್ಲ ಹಬ್ಬಿತು.

ರುದ್ರವ್ವ ಕಣ್ಣು ಮುಚ್ಚಿ ಮೂಗೆಳೆದರು. "ಧಾರವಾಡದಾಗ ಪೇಡೆ ಅಂಗಡಿ ಮುಂದ ನಿಂತಂಗ ಆತು ನೋಡ್ರಿ."

ಮರುದಿನ ಫ್ರಿಡ್ಜೂ ಕೈಕೊಟ್ಟಿತು. ಗ್ಯಾಸಿನಲ್ಲಿ ಹಾಕಿದರೂ, ಮನೆಯಿಂದ ಕರೆಂಟು ಎಳೆದು ಕೊಟ್ಟರೂ, ಗಾಡಿಯ ಬ್ಯಾಟರಿಗೆ ಜೋಡಿಸಿದರೂ ಒಳಗೆ ಬೆಚ್ಚಗೇ ಇತ್ತು. ಮರಿಯಪ್ಪ ತನ್ನ ವೃತ್ತಿಯ ಪ್ರಕಾರ ಆಫ್ ಮಾಡಿ ಆನ್ ಮಾಡಿದ, ಮತ್ತೆ ಆಫ್ ಮಾಡಿ ಆನ್ ಮಾಡಿದ. ಅವನನ್ನು ಹೆಚ್ಚು ಹೆದರಿಸಿದ್ದು ಅದರ ಮೌನ. ಮನೆಯ ಫ್ರಿಡ್ಜು ಗುಂಯ್‌ಗುಟ್ಟುತ್ತದೆ, ಇದು ತುಟಿಪಿಟಕ್ಕೆನ್ನುವುದಿಲ್ಲ. ನನ್ನ ಹೆಂಡತಿ ಪ್ರಫುಲ್ಲಾ ಆಸ್ಪತ್ರೆಯಲ್ಲಿ ನರ್ಸ್. ಮರಿಯಪ್ಪ ಬಂದು ಅವಳ ಸ್ಟೆತಸ್ಕೋಪ್ ಕೇಳಿದ. ವಸ್ತು ಕೊಡುವುದಿಲ್ಲ, ಬೇಕಾದರೆ ನಾನೇ ಬರುತ್ತೇನೆ ಎಂದು ಅವಳೇ ಹೋಗಿ ಫ್ರಿಡ್ಜಿನ ಬೆನ್ನಿಗೆ ಹಚ್ಚಿ ಕೇಳಿದಳು.

"ಹೇಗಿದೆ?" ಎಂದ ಮರಿಯಪ್ಪ, ಐಸಿಯು ಹೊರಗೆ ನಿಂತವನಂತೆ.

"ಮೈ ಬಿಸಿ ಉಂಟು ಮಾರಾಯ್ರೆ. ಶಬ್ದ ಇಲ್ಲ."

ಆ ವಾರವೆಲ್ಲ ಬೀದಿಯ ಗಂಡಸರು ಒಬ್ಬೊಬ್ಬರಾಗಿ ಬಂದು ಒಂದೊಂದು ಕಾಯಿಲೆ ಹೇಳಿ ಹೋದರು. ಕೌಶಿಕ್ ಮೆಲ್ಬರ್ನ್‌ನಿಂದಲೇ ಫೋನಿನಲ್ಲಿ ಪರೀಕ್ಷೆ ಮಾಡಿ, "ಬ್ರದರ್, ನೀವು ತಗೊಂಡಿರೋದು ಮನೆ ಅಲ್ಲ, ಮ್ಯೂಸಿಯಂ" ಎಂದ. ಮರಿಯಪ್ಪ ಮಾತ್ರ ಎಲ್ಲರೆದುರು ಎದೆ ಉಬ್ಬಿಸಿ, ಏನೂ ಆಗಿಲ್ಲ, ಸೆಟ್ ಆಗ್ತಾ ಇದೆ ಎನ್ನುತ್ತಿದ್ದ. ಸಂಜೆ ಗಾಡಿಯೊಳಗೆ ಒಬ್ಬನೇ ಕುಳಿತು ಫ್ರಿಡ್ಜಿನ ಬಾಗಿಲು ತೆಗೆದು ಕೈಯಿಟ್ಟು ನೋಡುವಾಗ ಅವನ ಮುಖ ನೋಡಬೇಕಿತ್ತು. ಅವನಿಗೆ ನಿಜಕ್ಕೂ ದುಃಖವಾಗಿತ್ತು. ಆ ಗಾಡಿ ಹೋದರೆ ಅವನು ಮತ್ತೆ ನೀರು ಕುಡಿಯಲು ಎದ್ದು ಹೋಗುವ ಮನುಷ್ಯನೇ.

ಸಂಗತಿ ಹೊಸ ದಾರಿ ಹಿಡಿದದ್ದು ರುದ್ರವ್ವನಿಂದ. ಸಿಡ್ನಿಯ ಜುಲೈಯಲ್ಲಿ ಮೊಸರು ಹೆಪ್ಪುಗಟ್ಟುವುದಿಲ್ಲ. ನಮ್ಮ ಹೆಂಗಸರು ಪಾತ್ರೆಗೆ ಶಾಲು ಸುತ್ತುತ್ತಾರೆ, ಓವನ್ನಿನಲ್ಲಿ ಲೈಟು ಹಾಕಿ ಇಡುತ್ತಾರೆ, ಹಾಸಿಗೆಯಲ್ಲಿ ಮಗುವಿನ ಪಕ್ಕ ಮಲಗಿಸುತ್ತಾರೆ. ಬೆಳಿಗ್ಗೆ ನೋಡಿದರೆ ಹಾಲು ಹಾಲೇ. ಬೇಸತ್ತ ರುದ್ರವ್ವ ಒಂದು ಸಂಜೆ ಹಾಲಿಗೆ ಹೆಪ್ಪು ಹಾಕಿ ಅಳಿಯನ ಬೆಚ್ಚನೆಯ ಫ್ರಿಡ್ಜಿನಲ್ಲಿಟ್ಟರು. ಬೆಳಿಗ್ಗೆ ತೆಗೆದರೆ ಚಾಕುವಿನಲ್ಲಿ ಕತ್ತರಿಸುವಂಥ ಮೊಸರು.

"ಎಂಥಾ ಪೆಟಿಗಿ ತಂದೀರಿ ಅಳಿಯಂದಿರ" ಎಂದು ಮನಸಾರೆ ಹೊಗಳಿದರು. ಹೀಟರಿನ ಬಾಯಿಂದ ಬರುತ್ತಿದ್ದ ತಣ್ಣನೆ ಗಾಳಿಗೆ ಎದುರಾಗಿ ಕೊತ್ತಂಬರಿ, ಹೂವು, ವೀಳ್ಯದೆಲೆ ಇಟ್ಟರು. ಅವೂ ವಾರಗಟ್ಟಲೆ ಬಾಡಲಿಲ್ಲ. ಹೀಗೆ ಆ ಗಾಡಿಯಲ್ಲಿ ಫ್ರಿಡ್ಜು ಹೀಟರಿನ ಕೆಲಸವನ್ನೂ ಹೀಟರು ಫ್ರಿಡ್ಜಿನ ಕೆಲಸವನ್ನೂ ವಹಿಸಿಕೊಂಡು ಸಂಸಾರ ನಡೆಸಿಕೊಂಡು ಹೋದವು.

ಇಂಥ ಸುದ್ದಿ ನಿಲ್ಲುತ್ತದೆಯೇ? ಮೊದಲು ಪ್ರಫುಲ್ಲಾ ಇಡ್ಲಿ ಹಿಟ್ಟು ಒಯ್ದಳು. ಆಮೇಲೆ ಎದುರು ಮನೆಯ ತಮಿಳು ಆಂಟಿ ದೋಸೆ ಹಿಟ್ಟು, ಮೂಲೆ ಮನೆಯ ಗುಜರಾತಿ ಬೆಹೆನ್ ಢೋಕ್ಲಾ ಹಿಟ್ಟು. ಡ್ರೈವ್‌ವೇಯಲ್ಲಿ ಪಾತ್ರೆ ಹಿಡಿದ ಹೆಂಗಸರ ಸಾಲು ನಿಂತಿತು. ಮರಿಯಪ್ಪ ಸ್ಕ್ರೂಡ್ರೈವರ್ ಹಿಡಿದು ಬಂದರೆ ರುದ್ರವ್ವ ಬಾಗಿಲಿಗೆ ಅಡ್ಡ ಕೂರುತ್ತಿದ್ದರು.

"ಏನೂ ಮುಟ್ಟಬ್ಯಾಡ್ರಿ. ಒಳಗ ಮಂದಿ ಹಿಟ್ಟು ಐತಿ."

"ಅತ್ತೆ, ರಿಪೇರಿ ಮಾಡ್ದೆ ಇದ್ರೆ ಗಾಡಿ ಮಾರ್ಬೇಕಾಗುತ್ತೆ."

"ರಿಪೇರಿ ಆದ ಫ್ರಿಡ್ಜು ಎಲ್ಲಾರ ಮನ್ಯಾಗೂ ಐತಲ್ಲ. ಕೆಟ್ಟದ್ದು ನಿಮ್ಮಲ್ಲಿ ಒಂದ ಐತಿ."

ಇಷ್ಟರಲ್ಲಿ ಯಾರೋ ದೂರು ಕೊಟ್ಟಿರಬೇಕು. ಬೀದಿಯ ನಿಯಮ ಕಾಯುವ ಕೌನ್ಸಿಲ್ಲಿನ ರೇಂಜರ್ ಒಬ್ಬ ಬಂದ. ಫುಟ್‌ಪಾತಿಗೆ ಚಾಚಿದ ಮೂತಿ, ಚಕ್ರದ ಕೆಳಗಿನ ಇಟ್ಟಿಗೆ, ಅರಿಸಿನ ಕುಂಕುಮದ ಪಟ್ಟೆ, ಪಾತ್ರೆಗಳ ಸಾಲು ಎಲ್ಲವನ್ನೂ ನೋಡಿದ. ಇಲ್ಲಿ ಆಹಾರದ ವ್ಯಾಪಾರ ನಡೆಯುತ್ತಿದೆಯೇ ಎಂದು ಕೇಳಿದ. ಇಲ್ಲ, ಇದು ಮನೆ ಎಂದ ಮರಿಯಪ್ಪ. ಇದರಲ್ಲಿ ವಾಸ ಮಾಡುತ್ತಿದ್ದೀರಾ ಎಂದು ರೇಂಜರ್ ಪುಸ್ತಕ ತೆಗೆದ. ಇಲ್ಲ ಇಲ್ಲ, ಇದು ಗಾಡಿ ಎಂದ ಮರಿಯಪ್ಪ. ಕೊನೆಗೆ, ಶುಕ್ರವಾರ ಮೆಲ್ಬರ್ನ್‌ಗೆ ಹೊರಡುತ್ತೇವೆ ಎಂದು ಬೇಡಿಕೊಂಡ ಮೇಲೆ ಅಲ್ಲಿಯವರೆಗೆ ಬಿಟ್ಟ.

ಹೋಗುವಾಗ ರೇಂಜರ್ ಬೇಲಿಯ ಹತ್ತಿರ ನಿಂತಿದ್ದ ನನಗೆ ಒಂದು ಮಾತು ಹೇಳಿದ. ಅವನ ಅಪ್ಪನಲ್ಲಿ ಇಂಥದೇ ಗಾಡಿ ಇತ್ತಂತೆ. ಈ ಜಾತಿಯ ಫ್ರಿಡ್ಜಿಗೆ ಮೋಟಾರೇ ಇಲ್ಲ, ಆದ್ದರಿಂದ ಶಬ್ದವೂ ಇಲ್ಲ. ಒಳಗಿನ ದ್ರವ ತಾನಾಗಿ ಹರಿಯಬೇಕು. ಗಾಡಿ ಹೀಗೆ ವಾಲಿ ನಿಂತರೆ ಅದು ಹರಿಯುವುದಿಲ್ಲ, ಬಿಸಿಯಾಗುತ್ತದೆ ಅಷ್ಟೇ. ನೆಟ್ಟಗೆ ನಿಲ್ಲಿಸಿದರೆ ಐಸು ಕಟ್ಟುತ್ತದೆ ಎಂದ.

ನಾನು ಇದನ್ನು ಮರಿಯಪ್ಪನಿಗೆ ಹೇಳಬಹುದಿತ್ತು. ಆದರೆ ಆ ಹೊತ್ತಿಗೆ ಗಾಡಿಯೊಳಗೆ ನಮ್ಮ ಮನೆಯ ಇಡ್ಲಿ ಹಿಟ್ಟು ಉಬ್ಬುತ್ತಿತ್ತು. ಒಂದು ಇಟ್ಟಿಗೆ ತೆಗೆದರೂ ನಾಳೆ ಬೆಳಿಗ್ಗೆ ನನಗೆ ಬ್ರೆಡ್ಡೇ ಗತಿ. ಸತ್ಯಕ್ಕೂ ಒಂದು ಹೊತ್ತು ಗೊತ್ತು ಇರುತ್ತದೆ ಎಂದು ಸುಮ್ಮನಾದೆ.

ಶುಕ್ರವಾರ ಹೊರಟೆವು. ನಾನು ಪ್ರಫುಲ್ಲಾ ಯಾಕೆ ಹೊರಟೆವು ಎಂದರೆ, ರುದ್ರವ್ವ ಬಾಯ್ತುಂಬ ಕರೆದಿದ್ದರು. ನನ್ನ ಮಟ್ಟಿಗೆ ಇನ್ನೊಂದು ಕಾರಣವೂ ಇತ್ತು, ಮುಂದೇನಾಗುತ್ತದೆ ಎಂದು ನೋಡದೆ ಇರಲು ನನ್ನಿಂದ ಆಗುತ್ತಿರಲಿಲ್ಲ. ಇಟ್ಟಿಗೆಗಳು ಹಿತ್ತಲಿಗೆ ಮರಳಿದವು. ಕುಬಸದ ಹೂವು, ವೀಳ್ಯದೆಲೆಗಳ ಬುಟ್ಟಿಯನ್ನು ರುದ್ರವ್ವ ಎಂದಿನಂತೆ ಹೀಟರಿನ ಬಾಯಿಗೇ ಇಟ್ಟು ಮೇಲೆ ಒದ್ದೆ ಬಟ್ಟೆ ಹೊದಿಸಿದರು. ದಾರಿಯುದ್ದಕ್ಕೂ ಒಂದೇ ಮಾತು.

"ಸುಜಾತಾ ತಿಂಗಳಾತು ಹೇಳಾಕ ಹತ್ತಿ. ಅವ್ವನ ಕೈಯಾಗಿನ ಮೊಸರು ಬುತ್ತಿ ಬೇಕಂತ. ಬಸುರಿ ಹೆಣ್ಮಗಳ ಬಯಕಿ. ಅಂಗಡಿ ಮೊಸರು ಮುಟ್ಟಸಂಗಿಲ್ಲ ನಾ."

ಗೌಲ್ಬರ್ನ್ ದಾಟಿದ ಮೇಲೆ ಚಳಿ ಹೆಚ್ಚಾಯಿತು. ಮರಿಯಪ್ಪ ಆಸೆಯಿಂದ ಮತ್ತೊಮ್ಮೆ ಹೀಟರ್ ಹಾಕಿಸಿದ. ರಸ್ತೆಯ ಕುಲುಕಾಟಕ್ಕೆ ಒಣಗಿದ ಹಾಲಿನ ಹೆಕ್ಕಳ ಉದುರಿತ್ತೋ ಏನೋ, ಈ ಸಲ ಅದು ಕೆಮ್ಮಲಿಲ್ಲ. ಬೆಂಕಿ ಹತ್ತಿತು. ಗಾಡಿಯೆಲ್ಲ ಹಿತವಾಗಿ ಬೆಚ್ಚಗಾಯಿತು. ಮರಿಯಪ್ಪನ ಕಣ್ಣಲ್ಲಿ ನೀರು ಬಂತು. "ಒಂದು ಆಯ್ತು ನೀಲಾ" ಎಂದ. ನೀಲಾಂಬಿಕಾ ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕಿದ್ದು ಗಾಜಿನಲ್ಲಿ ಕಂಡಿತು. ಬೆಚ್ಚನೆಗೆ, ಗಾಡಿ ಓಡಿಸುತ್ತಿದ್ದ ಮರಿಯಪ್ಪನನ್ನು ಬಿಟ್ಟು ಎಲ್ಲರಿಗೂ ನಿದ್ದೆ ಹತ್ತಿತು. ಹೂವಿನ ಬುಟ್ಟಿ ಯಾರಿಗೂ ನೆನಪಾಗಲಿಲ್ಲ.

ಟಾರ್ನೀಟ್ ತಲುಪಿದಾಗ ಸಂಜೆ. ಕೌಶಿಕ್ ಡ್ರೈವ್‌ವೇಯಲ್ಲೇ ಕಾದಿದ್ದ. ಮನೆಗಿಂತ ಮೊದಲು ನೆಲ ತೋರಿಸಿದ.

"ಪರ್ಫೆಕ್ಟ್ ಲೆವೆಲ್ ಬ್ಲಾಕ್ ಬ್ರದರ್. ಒಂದು ಗೋಲಿ ಇಟ್ರೂ ಉರುಳಲ್ಲ. ಇಡೀ ಹೌಸಿಂಗ್ ಎಸ್ಟೇಟ್‌ನಲ್ಲಿ ಇಂಥದ್ದು ಸಿಗೋದೇ ಕಷ್ಟ."

ಆ ನೆಲದ ಮೇಲೆ ಮರಿಯಪ್ಪನ ಗಾಡಿ ನೆಟ್ಟಗೆ ನಿಂತಿತು. ಸುಜಾತಾ ತುಂಬಿದ ಹೊಟ್ಟೆ ಹೊತ್ತು ಬಂದು ತಾಯಿಯ ಹೆಗಲಿಗೆ ತಲೆಯಿಟ್ಟಳು. ರುದ್ರವ್ವ ಕೂತು ನೀರೂ ಕುಡಿಯದೆ ಹಾಲು ಕಾಯಿಸಿ, ಆರಿಸಿ, ಹೆಪ್ಪು ಹಾಕಿದರು. ಕೌಶಿಕ್‌ನ ಅಡುಗೆಮನೆಯಲ್ಲಿ ಇಡಲು ಒಪ್ಪಲಿಲ್ಲ. ನಮ್ಮ ಪೆಟ್ಟಿಗೆಯೇ ಆಗಬೇಕು ಎಂದು ಗಾಡಿಯ ಫ್ರಿಡ್ಜಿನಲ್ಲಿಟ್ಟರು. ಒಳಗೆ ಚಳಿ ಇತ್ತು, ಆದರೆ ಮೆಲ್ಬರ್ನ್‌ನ ಜುಲೈಯಲ್ಲಿ ಯಾವುದು ಫ್ರಿಡ್ಜಿನ ಚಳಿ, ಯಾವುದು ಊರಿನ ಚಳಿ ಎಂದು ಯಾರಿಗೆ ಗೊತ್ತಾಗಬೇಕು.

ಬೆಳಿಗ್ಗೆ ನೆಂಟರು ತುಂಬಿದರು. ಸುಜಾತಾ ಹಸಿರು ಸೀರೆ ಉಟ್ಟು ಕೂತಳು. ರುದ್ರವ್ವ ಇಬ್ಬರು ಮುತ್ತೈದೆಯರನ್ನು ಕರೆದುಕೊಂಡು ಗಾಡಿಗೆ ಬಂದು ಮೊದಲು ಬುಟ್ಟಿಯ ಬಟ್ಟೆ ತೆಗೆದರು. ವೀಳ್ಯದೆಲೆ ಹಪ್ಪಳವಾಗಿತ್ತು, ಹೂವು ಚಹಾಪುಡಿಯಾಗಿತ್ತು. ಆಮೇಲೆ ಫ್ರಿಡ್ಜು ತೆಗೆದು ಪಾತ್ರೆಯ ಮುಚ್ಚಳ ಎತ್ತಿದರು. ನಿನ್ನೆ ಸಂಜೆಯ ಹಾಲು, ನಿನ್ನೆ ಸಂಜೆಯ ಹಾಗೆಯೇ ಇತ್ತು. ಅಂಚಿನಲ್ಲಿ ತೆಳ್ಳಗೆ ಐಸು.

ಹಿಂದೆಯೇ ಬಂದ ಮರಿಯಪ್ಪ ಕೈಯಿಟ್ಟು ನೋಡಿದ. "ತಣ್ಣಗಿದೆ" ಎಂದ. ಮೆಲ್ಲಗೆ ಒಂದು ಸಲ, ಕೂಗಿ ಒಂದು ಸಲ. "ನೀಲಾ, ತಣ್ಣಗಿದೆ ಕಣೆ, ಐಸ್ ಕಟ್ಟಿದೆ. ಎರಡೂ ಆಯ್ತು."

ಬಾಗಿಲ ಹೊರಗೆ ಸುಜಾತಾ ನಿಂತಿದ್ದಳು.

"ಅಮ್ಮಾ, ಮೊಸರು ಆಗಿಲ್ವಾ?" ಎಂದವಳು ಅಳಲು ಶುರುಮಾಡಿದಳು. ಎಂಟು ತಿಂಗಳ ಬಸುರಿ ಒಂದು ಬಟ್ಟಲು ಮೊಸರಿಗೆ ಅಳುವುದನ್ನು ನೋಡುವುದು ಕಷ್ಟ. ಮರಿಯಪ್ಪನ ಮುಖ ಸಣ್ಣದಾಯಿತು. ಗೆದ್ದವನು ಅಷ್ಟು ನಾಚಿಕೆಪಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ನೀಲಾಂಬಿಕಾ ಹಲ್ಲು ಕಚ್ಚಿ ಹೇಳಿದಳು: "ಮಾತು ಅಂದ್ರೆ ಮಾತು. ಗಾಡಿ ಇಟ್ಕೊಳ್ಳಿ." ಇಟ್ಟುಕೊಂಡು ಹಾಳಾಗಿ ಹೋಗಿ ಎಂಬುದು ಅದರೊಳಗೇ ಸೇರಿತ್ತು.

ರುದ್ರವ್ವ ಮಾತ್ರ ನೆಲ ನೋಡುತ್ತಿದ್ದರು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದರು. "ಅಲ್ಲಿ ಈಶಾನ್ಯ ತಗ್ಗಿತ್ತು. ಇಲ್ಲಿ ಹೆಂಗೈತಿ?"

"ಪರ್ಫೆಕ್ಟ್ ಲೆವೆಲ್ ಅತ್ತೆ" ಎಂದ ಕೌಶಿಕ್, ಹೆಮ್ಮೆಯಿಂದ.

"ಅದಕ್ಕ ನೋಡ್ರಿ ಮತ್ತ. ತಗ್ಗಿಲ್ಲ, ಎತ್ತರಿಲ್ಲ, ದಿಕ್ಕ ಇಲ್ಲದ ಜಾಗಾ ತಗೊಂಡೀರಿ. ಇಂಥಾ ಜಾಗಾದಾಗ ಹಾಲು ಹೆಪ್ಪು ಹಿಡಿಯೂದಿಲ್ಲ."

ನೆಂಟರೆಲ್ಲ ಕೌಶಿಕ್‌ನನ್ನು ನೋಡಿದರು. ಲೆವೆಲ್ ಬ್ಲಾಕ್ ತಗೊಂಡಿದ್ದ ಇನ್ನಿಬ್ಬರು ನೆಲ ನೋಡಿದರು. ನನಗೆ ಎಲ್ಲವೂ ಗೊತ್ತಿತ್ತು. ಆದರೆ ಮುದುಕಿ ಹೇಳುತ್ತಿದ್ದ ಕಾರಣ ತಪ್ಪಾದರೂ ಉಪಾಯ ಸರಿಯಾಗಿಯೇ ಇತ್ತಾದ್ದರಿಂದ ನಡುವೆ ಬಾಯಿ ಹಾಕಲಿಲ್ಲ. ಹಿತ್ತಲಿನ ಬಾರ್ಬೆಕ್ಯೂ ಕಟ್ಟೆಯ ಕಲ್ಲುಗಳನ್ನು ಕೌಶಿಕ್ ತನ್ನ ಕೈಯಾರೆ ಕಿತ್ತು ತಂದು ಮರಿಯಪ್ಪನ ಚಕ್ರದ ಕೆಳಗೆ ಇಟ್ಟ. ಕುಬಸ ಸಂಜೆಗೆ ಹೋಯಿತು. ಫ್ರಿಡ್ಜು ಮಧ್ಯಾಹ್ನದ ಹೊತ್ತಿಗೆ ಮತ್ತೆ ಕೆಟ್ಟಿತು. ದೀಪ ಹಚ್ಚುವ ಹೊತ್ತಿಗೆ ಮೊಸರು ಗಟ್ಟಿಯಾಯಿತು. ಸುಜಾತಾ ತಾಯಿಯ ಕೈತುತ್ತು ತಿನ್ನುತ್ತ ಮತ್ತೆ ಅತ್ತಳು, ಈ ಸಲ ಎಲ್ಲರಿಗೂ ಸಂತೋಷವಾಗುವ ಹಾಗೆ.

ಮರುದಿನ ರುದ್ರವ್ವ ತಮ್ಮ ತೀರ್ಮಾನ ತಿಳಿಸಿದರು. ಹೆರಿಗೆ, ಬಾಣಂತನ ಮುಗಿಯುವವರೆಗೆ ಗಾಡಿ ಇಲ್ಲೇ, ಹೀಗೇ. ನಾವು ನಾಲ್ವರೂ ಪ್ಲೇನಿನಲ್ಲಿ ಸಿಡ್ನಿಗೆ ಮರಳಿದೆವು. ಎರಡೂ ಪರೀಕ್ಷೆ ಗೆದ್ದ ಗಾಡಿ ಷಡ್ಡಕನ ಅಂಗಳದಲ್ಲೇ ಉಳಿಯಿತಲ್ಲ ಎಂದು ಮರಿಯಪ್ಪನ ಹೊಟ್ಟೆ ಉರಿಯುತ್ತಿತ್ತು.

ಕೆಲವು ವಾರಗಳ ಮೇಲೆ ಒಂದು ಭಾನುವಾರ ನಾನು ಅವನ ಮನೆಯಲ್ಲಿದ್ದಾಗ ಕೌಶಿಕ್‌ನ ಫೋನು ಬಂತು. ಮರಿಯಪ್ಪ ಸ್ಪೀಕರಿಗೆ ಹಾಕಿದ.

"ಬ್ರದರ್, ಇದನ್ನ ಯಾವಾಗ ತಗೊಂಡು ಹೋಗ್ತೀರಾ? ಡ್ರೈವ್‌ವೇನಲ್ಲಿ ಇಂಥದ್ದೆಲ್ಲ ನಿಲ್ಲಿಸೋ ಹಾಗಿಲ್ಲ ಅಂತ ಎಸ್ಟೇಟ್‌ನವರು ಗಲಾಟೆ ಮಾಡ್ತಿದ್ದಾರೆ. ಅತ್ತೆ ಅಡುಗೆ ಮಾಡೋದು ಅದರಲ್ಲೇ. ಬೆಚ್ಚಗಿದೆ ಅಂತ ಸುಜಾತಾ ಮಲಗೋದೂ ಅದರಲ್ಲೇ. ಈಗ ನಾನೂ ಅಲ್ಲೇ ಇದೀನಿ. ನಾಲ್ಕು ಬೆಡ್‌ರೂಮ್ ಮನೆ ಖಾಲಿ ಬಿದ್ದಿದೆ."

ಮರಿಯಪ್ಪ ನಿಧಾನವಾಗಿ ಸೋಫಾಕ್ಕೆ ಒರಗಿದ, ಕಾಲಿನ ಮೇಲೆ ಕಾಲು ಹಾಕಿದ. ಅವನ ದನಿ ಅಷ್ಟು ತುಂಬಿ ಬಂದದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಅವಸರ ಏನಿಲ್ಲ ಕೌಶಿಕ್, ಆರಾಮಾಗಿ ಇರಿ. ನಮ್ಮವರೇ ತಾನೆ, ನಿಮ್ಮ ಹತ್ರ ನಾನು ರೆಂಟ್ ಕೇಳ್ತೀನಾ? ಗೋಡೆಗೆ ಮೊಳೆ ಗಿಳೆ ಮಾತ್ರ ಹೊಡೀಬೇಡಿ."